ಸಹಾಯ ಬೇಕು: ಅಪ್ರೂವ್ ಆದ ಮೇಲೆ ಐಚ್ಛಿಕ ವಿಷಯ ಬದಲಿಸಬಹುದಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಬಿ.ಎ. ಓದುತ್ತಿದ್ದಾನೆ, ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಬ್ಯಾಚ್. 2024-25ರಲ್ಲಿ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಬಂತಲ್ಲ, ಆಮೇಲೆ ಸೇರಿದವನು. ಯುಯುಸಿಎಂಎಸ್ (ರಾಜ್ಯದ ಯೂನಿವರ್ಸಿಟಿ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಪೋರ್ಟಲ್‌ನಲ್ಲಿ ಈ ಸೆಮಿಸ್ಟರ್‌ಗೆ ಅರ್ಜಿ ಹಾಕುವಾಗ ಒಂದು ಐಚ್ಛಿಕ ವಿಷಯ ಆರಿಸಿದ. ಕಾಲೇಜಿನವರು ಅಪ್ರೂವ್ ಮಾಡಿದರು, ಫೀಸೂ ಕಟ್ಟಾಯಿತು. ಈಗ ಆ ವಿಷಯಕ್ಕೆ ಹುಡುಗರು ಕಡಿಮೆ, ಕ್ಲಾಸ್ ನಡೆಸಲ್ಲ ಅಂತಿದ್ದಾರೆ! ಬೇರೆ ತಗೋ ಅಂತಾರೆ. ಹೇಗೆ ಅಂತ ಕೇಳಿದರೆ ಯೂನಿವರ್ಸಿಟಿ ಕಡೆ ಕೈ ತೋರಿಸುತ್ತಾರೆ.

ನಾನು ಓದುವಾಗ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಅಂತ ಬರೆದುಕೊಟ್ಟರೆ ಮುಗೀತಿತ್ತು, ಈ ತಲೆನೋವು ಇರಲಿಲ್ಲ.

ಕಾಲೇಜು ಲಾಗಿನ್‌ನಲ್ಲೇ ವಿಷಯ ಬದಲಿಸಲು ಆಗುತ್ತಾ? ಅಥವಾ ಪ್ರಿನ್ಸಿಪಾಲರ ಪತ್ರ ತಗೊಂಡು ಯೂನಿವರ್ಸಿಟಿಗೆ ಹೋಗಬೇಕಾ? ಮುಂದೆ ಪರೀಕ್ಷೆ ಅರ್ಜಿ ಬೇರೆ ಹಾಕಬೇಕಲ್ಲ, ಅದರಲ್ಲಿ ಹಳೇ ವಿಷಯವೇ ಬಂದರೆ ಹಾಲ್ ಟಿಕೆಟ್‌ನಲ್ಲೂ ಅದೇ ಬರುತ್ತೆ ಅನ್ನೋದು ನನ್ನ ಭಯ. ಕ್ಲಾಸ್ ಒಂದಕ್ಕೆ, ಪರೀಕ್ಷೆ ಇನ್ನೊಂದಕ್ಕೆ ಆಗಬಾರದು ಅಲ್ವಾ?

ಹೀಗೆ ಬದಲಿಸಿಕೊಂಡವರು ಅಥವಾ ಕಾಲೇಜು ಆಫೀಸಿನಲ್ಲಿ ಕೆಲಸ ಮಾಡುವವರು ಇದ್ದರೆ ದಯವಿಟ್ಟು ತಿಳಿಸಿ. ಯಾವ ಯೂನಿವರ್ಸಿಟಿ ಅನ್ನೋದನ್ನೂ ಹೇಳಿ.