‘ಎಪಿ ಕನೆಕ್ಟ್ ಆಗಿಲ್ಲ’ ಎಂದರೆ ಯಾವುದು ಯಾವುದಕ್ಕೆ?

ಪ್ರಶ್ನೆ

ನಮಸ್ಕಾರ. ನಾನು ಕಾಲೇಜೊಂದರ ನೆಟ್‌ವರ್ಕ್ ವಿಭಾಗದಲ್ಲಿದ್ದೇನೆ. ನಾಲ್ಕು ಕಟ್ಟಡಗಳ ಆಕ್ಸೆಸ್ ಪಾಯಿಂಟ್‌ಗಳನ್ನು (ಎಪಿ, ಅಂದರೆ ವೈಫೈ ಪ್ರಸಾರ ಮಾಡುವ ಪೆಟ್ಟಿಗೆಗಳು) ಒಂದೇ ವೈರ್‌ಲೆಸ್ ಕಂಟ್ರೋಲರ್‌ನಿಂದ ನಿರ್ವಹಿಸುತ್ತೇವೆ. ರಾತ್ರಿ ಪಾಳಿಯ ಸಿಬ್ಬಂದಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯಲು ಕುಳಿತಾಗ ಪದಗಳ ತೊಡಕು ಎದುರಾಗಿದೆ. ಕಳೆದ ವಾರ ಹಾಸ್ಟೆಲಿನ ದೂರಿನ ಪುಸ್ತಕದಲ್ಲಿ ‘ಎಪಿ ಕನೆಕ್ಟ್ ಆಗಿಲ್ಲ’ ಎಂದು ಬರೆದಿದ್ದರು. ಆಕ್ಸೆಸ್ ಪಾಯಿಂಟ್ ಕಂಟ್ರೋಲರ್‌ಗೆ ಸೇರಿಲ್ಲವೆಂದು ತಿಳಿದು ನಾನು ಸ್ವಿಚ್ ಪೋರ್ಟ್, ಕೇಬಲ್, ವಿದ್ಯುತ್ ಪೂರೈಕೆ ಎಲ್ಲವನ್ನೂ ಒಂದು ಗಂಟೆ ಪರಿಶೀಲಿಸಿದೆ. ಆದರೆ ಅವರು ಹೇಳಿದ್ದು ಫೋನುಗಳು ವೈಫೈಗೆ ಸೇರುತ್ತಿಲ್ಲ ಎಂದು. ಈ ಎರಡಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದ ಬಳಸುವುದು ಹೇಗೆ? ಲೈಟ್‌ವೇಟ್, ರೋಗ್, ಟನಲ್ ಮುಂತಾದವನ್ನೂ ಕನ್ನಡಿಸಬೇಕೇ?

ಮೊದಲ ಉತ್ತರ

ಆಕ್ಸೆಸ್ ಪಾಯಿಂಟ್ ಕಂಟ್ರೋಲರ್‌ಗೆ ಸೇರುವುದನ್ನು ‘ನೋಂದಣಿ’ ಎಂದೂ, ಫೋನು ಆಕ್ಸೆಸ್ ಪಾಯಿಂಟ್‌ಗೆ ಸೇರುವುದನ್ನು ‘ಸಂಪರ್ಕ’ ಎಂದೂ ಕರೆಯಿರಿ. ನೋಂದಣಿ ಎಂಬ ಪದ ಅಲ್ಲಿ ನಡೆಯುವ ಕೆಲಸಕ್ಕೆ ನಿಜಕ್ಕೂ ಒಪ್ಪುತ್ತದೆ: ಆಕ್ಸೆಸ್ ಪಾಯಿಂಟ್ ಐಪಿ ವಿಳಾಸ ಪಡೆದು, ಡಿಎಚ್‌ಸಿಪಿಯ (ಐಪಿ ವಿಳಾಸ ಹಂಚುವ ವ್ಯವಸ್ಥೆ) 43ನೇ ಆಯ್ಕೆಯಿಂದಲೋ ಡಿಎನ್‌ಎಸ್ ಹೆಸರಿನಿಂದಲೋ ಕಂಟ್ರೋಲರ್‌ನ ವಿಳಾಸ ತಿಳಿದುಕೊಂಡು, ಪ್ರಮಾಣಪತ್ರ ತೋರಿಸಿ ತನ್ನ ಗುರುತು ಸಾಬೀತುಪಡಿಸುತ್ತದೆ. ಆಮೇಲೆ ಕಂಟ್ರೋಲರ್‌ನಲ್ಲಿರುವ ಸಾಫ್ಟ್‌ವೇರ್ ಆವೃತ್ತಿ ತನ್ನದಕ್ಕಿಂತ ಬೇರೆಯಾಗಿದ್ದರೆ ಅದನ್ನು ಇಳಿಸಿಕೊಂಡು ರೀಸ್ಟಾರ್ಟ್ ಆಗಿ, ಮತ್ತೆ ಬಂದು ಸಂರಚನೆಯನ್ನು ಪಡೆಯುತ್ತದೆ. 2009ರಲ್ಲಿ ಪ್ರಕಟವಾದ ಕ್ಯಾಪ್‌ವ್ಯಾಪ್ ಮಾನಕದಂತೆ (ಆಕ್ಸೆಸ್ ಪಾಯಿಂಟ್ ಮತ್ತು ಕಂಟ್ರೋಲರ್ ಮಾತಾಡಿಕೊಳ್ಳುವ ವಿಧಾನ) ಇದರ ನಿಯಂತ್ರಣ ಸಂದೇಶಗಳು ಯುಡಿಪಿ ಪೋರ್ಟ್ 5246ರಲ್ಲೂ ಬಳಕೆದಾರರ ದತ್ತಾಂಶ 5247ರಲ್ಲೂ ಸಾಗುತ್ತವೆ. ನಡುವೆ ಫೈರ್‌ವಾಲ್ ಇದ್ದರೆ ಎರಡೂ ತೆರೆದಿರಬೇಕು.

ನಮ್ಮಲ್ಲಿ ಒಮ್ಮೆ ವಿದ್ಯುತ್ ಹೋಗಿ ಬಂದ ಮೇಲೆ ಒಂದು ಆಕ್ಸೆಸ್ ಪಾಯಿಂಟ್ ಕೂಡ ನೋಂದಣಿಯಾಗಲಿಲ್ಲ. ಕಂಟ್ರೋಲರ್‌ನ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಆ ದಿನಾಂಕಕ್ಕೆ ಪ್ರಮಾಣಪತ್ರಗಳ ಅವಧಿ ಇನ್ನೂ ಆರಂಭವೇ ಆಗಿರಲಿಲ್ಲವಾದ್ದರಿಂದ ಎಲ್ಲವೂ ತಿರಸ್ಕೃತವಾಗಿದ್ದವು. ಸಿಬ್ಬಂದಿಯವರು ‘ನೋಂದಣಿ ಇಲ್ಲ’ ಎಂದು ಸ್ಪಷ್ಟವಾಗಿ ಬರೆದಿದ್ದರಿಂದಲೇ ನಾನು ನೇರವಾಗಿ ಕಂಟ್ರೋಲರ್‌ನ ಲಾಗ್ ನೋಡಿದೆ.

ಎರಡನೆಯ ಉತ್ತರ

ನೋಂದಣಿ, ಸಂಪರ್ಕ ಎರಡನ್ನೂ ಒಪ್ಪುತ್ತೇನೆ. ಆದರೆ ಪರದೆಯ ಮೇಲೆ ‘ಜಾಯಿನ್’ ಎಂದೇ ಕಾಣುವುದರಿಂದ, ಮೊದಲ ಸಲ ಬಳಸುವಾಗ ಆ ಪದವನ್ನೂ ಪಕ್ಕದಲ್ಲಿ ಕೊಡಿ. ಇಲ್ಲವಾದರೆ ರಾತ್ರಿ ಎರಡು ಗಂಟೆಗೆ ಒಬ್ಬರೇ ಕುಳಿತಿರುವವರು ಮೆನುವಿನಲ್ಲಿ ‘ನೋಂದಣಿ’ಯನ್ನು ಹುಡುಕುತ್ತಾರೆ. ಟನಲ್ ಅನ್ನು (ಆಕ್ಸೆಸ್ ಪಾಯಿಂಟ್ ಮತ್ತು ಕಂಟ್ರೋಲರ್ ನಡುವೆ ದತ್ತಾಂಶ ಸಾಗುವ ದಾರಿ) ಸುರಂಗ ಮಾಡಬೇಡಿ, ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಲೈಟ್‌ವೇಟ್ ಅನ್ನು ‘ಹಗುರ’ ಎಂದರೆ ಪೆಟ್ಟಿಗೆಯ ತೂಕವೆಂಬ ಅರ್ಥ ಬರುತ್ತದೆ. ‘ಕಂಟ್ರೋಲರ್ ಅಧೀನದ’ ಮತ್ತು ‘ಸ್ವತಂತ್ರ’ ಆಕ್ಸೆಸ್ ಪಾಯಿಂಟ್ ಎಂದರೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ನಿಜವಾದ ಎಚ್ಚರ ಬೇಕಿರುವುದು ‘ರೋಗ್’ ವಿಷಯದಲ್ಲಿ. ಇದನ್ನು ಹಲವರು ‘ಅನಧಿಕೃತ’ ಎಂದೋ ‘ಕಳ್ಳ’ ಎಂದೋ ಬರೆಯುತ್ತಾರೆ. ಕಂಟ್ರೋಲರ್ ತನ್ನ ಅಧೀನದಲ್ಲಿಲ್ಲದ ಯಾವ ಆಕ್ಸೆಸ್ ಪಾಯಿಂಟ್ ಕಂಡರೂ, ಅದು ರಸ್ತೆಯಾಚೆಯ ಮನೆಯ ರೂಟರ್ ಆಗಿದ್ದರೂ, ಮೊದಲು ‘ರೋಗ್’ ಪಟ್ಟಿಗೇ ಸೇರಿಸುತ್ತದೆ. ‘ಅಪರಿಚಿತ’ ಎಂದು ಬರೆದು, ನಮ್ಮದೇ ಎಸ್‌ಎಸ್‌ಐಡಿಯಲ್ಲಿ (ವೈಫೈ ಹೆಸರಿನಲ್ಲಿ) ಪ್ರಸಾರ ಮಾಡುತ್ತಿರುವುದನ್ನು ಅಥವಾ ನಮ್ಮ ಕೇಬಲ್‌ಗೆ ಸಿಕ್ಕಿಸಿರುವುದನ್ನು ಮಾತ್ರ ‘ಅಪಾಯಕಾರಿ’ ಎಂದು ಬೇರ್ಪಡಿಸಿ. ಪದ ತಪ್ಪಿದರೆ ಸಿಬ್ಬಂದಿ ನೆರೆಮನೆಯವರ ವೈಫೈಯನ್ನು ತಡೆಯಲು ಹೊರಟಾರು, ಅದು ದೊಡ್ಡ ತಪ್ಪಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ‘ಅಪರಿಚಿತ’ವನ್ನು ಹಾಗೆಯೇ ತೆಗೆದುಕೊಂಡಿದ್ದೇನೆ, ನಮ್ಮ ಪಟ್ಟಿಯಲ್ಲಿ ಎದುರಿನ ಅಂಗಡಿಯ ರೂಟರ್ ಇಂದೂ ಕೆಂಪು ಬಣ್ಣದಲ್ಲಿದೆ. ದೂರಿನ ಪುಸ್ತಕದ ಪುಟವನ್ನೂ ಬದಲಾಯಿಸಿದೆ. ಅದರಲ್ಲಿ ಈಗ ಎರಡು ಪ್ರಶ್ನೆಗಳಿವೆ: ‘ಆಕ್ಸೆಸ್ ಪಾಯಿಂಟ್ ಕಂಟ್ರೋಲರ್‌ನಲ್ಲಿ ನೋಂದಣಿಯಾಗಿದೆಯೇ?’ ‘ಆಗಿದ್ದರೆ, ಒಂದು ಫೋನು ಮಾತ್ರ ಸಂಪರ್ಕ ಪಡೆಯುತ್ತಿಲ್ಲವೇ, ಅಥವಾ ಯಾವ ಫೋನೂ ಪಡೆಯುತ್ತಿಲ್ಲವೇ?’