ಸಹಾಯ ಬೇಕು: ಓದೋಕೆ ಹೊಸ ಫ್ಯಾಂಟಸಿ ರೊಮ್ಯಾನ್ಸ್ ಸರಣಿ

ಎಲ್ಲರಿಗೂ ನಮಸ್ಕಾರ. ಸುಮ್ನೆ ಖುಷಿಗೆ ಓದೋಕೆ ಒಂದು ಒಳ್ಳೆಯ ಫ್ಯಾಂಟಸಿ ರೊಮ್ಯಾನ್ಸ್ ಸರಣಿ ಹುಡುಕುತ್ತಿದ್ದೇನೆ. ಇಂಗ್ಲಿಷ್ ಆದರೂ ಪರವಾಗಿಲ್ಲ, ಕನ್ನಡದಲ್ಲಿ ಸಿಕ್ಕರೆ ಇನ್ನೂ ಸಂತೋಷ.

ರೆಬೆಕಾ ಯಾರೋಸ್ ಅವರ 'ಫೋರ್ತ್ ವಿಂಗ್' ಸರಣಿಯಲ್ಲಿ 2025ರಲ್ಲಿ ಬಂದ ಮೂರನೆಯ ಪುಸ್ತಕದವರೆಗೆ ಓದಿದ್ದೇನೆ. ಡ್ರ್ಯಾಗನ್‌ಗಳು, ಯುದ್ಧ ಕಲಿಸುವ ಕಾಲೇಜು, ಎಲ್ಲ ಇಷ್ಟವಾಯಿತು. ಆದರೆ ಕಥೆ ಇನ್ನೂ ಮುಗಿದಿಲ್ಲ. ಕಾಯೋದು ನನಗೆ ನಿಜವಾಗಿಯೂ ಕಷ್ಟ. ಅದಕ್ಕೇ ಈ ಸಲ ಪೂರ್ತಿ ಮುಗಿದಿರುವ ಸರಣಿಯೇ ಬೇಕು.

ತುಂಬಾ ಹಿಡಿಸಿದ್ದು ಹಾಲಿ ಬ್ಲ್ಯಾಕ್ ಅವರ 'ದಿ ಕ್ರೂಯಲ್ ಪ್ರಿನ್ಸ್'. 2018ರಲ್ಲಿ ಶುರುವಾದ ಕಥೆ 2019ರಲ್ಲಿ ಮೂರನೆಯ ಪುಸ್ತಕಕ್ಕೆ ಮುಗಿಯುತ್ತದೆ. ನಾಯಕಿ ಜೂಡ್ ಮನುಷ್ಯರ ಹುಡುಗಿ, ಬೆಳೆಯೋದು ಮಾತ್ರ ಫೇರಿಗಳ, ಅಂದರೆ ಮಾಯಾಲೋಕದ ಜನರ ನಡುವೆ. ಅವರು ಸುಳ್ಳು ಹೇಳಲಾರರು, ಇವಳು ಹೇಳಬಲ್ಲಳು. ಆ ಒಂದು ನಿಯಮ ರಾಜಕೀಯಕ್ಕೂ ದ್ವೇಷಕ್ಕೂ ಪ್ರೀತಿಗೂ ಎಷ್ಟು ಚೆನ್ನಾಗಿ ಕೆಲಸಕ್ಕೆ ಬರುತ್ತದೆ! ಮಾಯಾಲೋಕದ ಕಟ್ಟಳೆಗೂ ಪ್ರೀತಿಗೂ ಹೀಗೆ ನಂಟು ಇರಬೇಕು ಅಲ್ವಾ? ಇಲ್ಲದಿದ್ದರೆ ಮಾಯೆ ಬರೀ ಅಲಂಕಾರ ಆಗಿಬಿಡುತ್ತದೆ.

ವೈರಿಗಳು ನಿಧಾನವಾಗಿ ಹತ್ತಿರವಾಗುವ ಕಥೆ ಇದ್ದರೆ ಹೇಳಿ. ಹಸಿಬಿಸಿ ದೃಶ್ಯಗಳು ಇದ್ದರೂ ಸರಿ, ಅದೇ ಜಾಸ್ತಿ ಆಗಬಾರದು. ನಾಯಕಿಯನ್ನು ಹೆದರಿಸಿ ಒಲಿಸಿಕೊಳ್ಳುವ ನಾಯಕ ಖಂಡಿತ ಬೇಡ.

ನಮ್ಮ ಯಕ್ಷ, ನಾಗ, ಗಂಧರ್ವರ ಲೋಕದಲ್ಲಿ ನಡೆಯುವ ಪ್ರೇಮಕಥೆಯ ಸರಣಿ ಯಾರಿಗಾದರೂ ಗೊತ್ತಿದ್ದರೆ ಮೊದಲು ಅದನ್ನೇ ತಿಳಿಸಿ. ಕೊನೆ ಏನಾಗುತ್ತದೆ ಅಂತ ಮಾತ್ರ ದಯವಿಟ್ಟು ಬರೆಯಬೇಡಿ.