ಅಪ್‌ಡೇಟ್: ಅಮ್ಮನ ಕಣ್ಣಿನ ಪ್ರೆಷರ್ 28, ಡ್ರಾಪ್ಸ್ ಶುರುವಾಯ್ತು

ಹಿಂದೆ ಕೇಳಿದ್ದೆ: ಕನ್ನಡಕ ಬದಲಿಸೋಕೆ ಹೋದಾಗ ಅಮ್ಮನ ಕಣ್ಣಿನ ಪ್ರೆಷರ್ 28 ಅಂದ್ರು, ನೋವಿಲ್ಲ, ಪೇಪರ್ ಆರಾಮಾಗಿ ಓದ್ತಾರೆ, ಡ್ರಾಪ್ಸ್ ನಿಜಕ್ಕೂ ಬೇಕಾ ಅಂತ. ಬೇಕು. ನಮಗೆ ಬಸವನಗುಡಿಯಿಂದ ಮಿಂಟೋ ಕಣ್ಣಾಸ್ಪತ್ರೆ ಹತ್ತಿರ, ಅಲ್ಲೇ ತೋರಿಸಿದ್ವಿ.

ಸಾಮಾನ್ಯವಾಗಿ 10ರಿಂದ 21 ಇರುತ್ತಂತೆ. ಆದರೆ ಬರೀ ಆ ನಂಬರ್ ನೋಡಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗಿ ನೋಟ ಹೋಗೋ ಕಾಯಿಲೆ) ಅನ್ನೋಕಾಗಲ್ಲ, ಕಣ್ಣಿನ ನರ ನೋಡಬೇಕು. ಸುತ್ತಲಿನ ನೋಟ ಎಷ್ಟಿದೆ ಅಂತ ನೋಡೋ ಫೀಲ್ಡ್ ಟೆಸ್ಟ್‌ನಲ್ಲಿ ಒಂದು ಕಣ್ಣು ಮುಚ್ಚಿ, ಬಟ್ಟಲಿನಂಥ ಯಂತ್ರದೊಳಗೆ ನೋಡ್ತಾ, ಬೆಳಕಿನ ಚುಕ್ಕೆ ಕಂಡಾಗೆಲ್ಲ ಬಟನ್ ಒತ್ತಬೇಕು. "ಏನೂ ಬರ್ತಿಲ್ಲ, ಮಿಷನ್ನೇ ಕೆಟ್ಟಿದೆ" ಅಂದ್ರು ಅಮ್ಮ! ಪ್ರಿಂಟ್ ನೋಡಿದ್ರೆ ಎಡಗಣ್ಣಲ್ಲಿ ಮೂಗಿನ ಕಡೆ, ಮೇಲ್ಭಾಗ ಕಪ್ಪು, ಅಂದ್ರೆ ಅಲ್ಲಿ ನೋಟ ಹೋಗಿದೆ. ನಡುವಿನ ನೋಟ ಸಾಮಾನ್ಯವಾಗಿ ಕೊನೆಗೆ ಹೋಗೋದು, ಅದಕ್ಕೇ ಪೇಪರ್‌ಗೆ ತೊಂದರೆಯಾಗಿರಲಿಲ್ಲ. ಹೋದ ನೋಟ ವಾಪಸ್ ಬರಲ್ಲ. ಡ್ರಾಪ್ಸ್ ಏನಿದ್ರೂ ಉಳಿದಿದ್ದನ್ನ ಕಾಯೋಕೆ.

ರಾತ್ರಿ ಲ್ಯಾಟನೊಪ್ರೋಸ್ಟ್ ಒಂದೊಂದು ಹನಿ. ಟಿಮೊಲಾಲ್ ಅಂತ ಇನ್ನೊಂದು ಡ್ರಾಪ್ಸ್ ಇದೆ, ಅದು ಉಸಿರಾಟಕ್ಕೆ ತೊಂದರೆ ಮಾಡಬಹುದು, ಅಮ್ಮನಿಗೆ ಆಸ್ತಮಾ ಇರೋದ್ರಿಂದ ಕೊಡಲಿಲ್ಲ. ಮನೇಲಿ ಇನ್ಹೇಲರ್ ಬಳಸೋರಿದ್ರೆ ಡಾಕ್ಟರಿಗೆ ಮೊದಲೇ ಹೇಳಿ. ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆ ಒಂದೆರಡು ನಿಮಿಷ ಒತ್ತಿ ಹಿಡೀಬೇಕು, ಇಲ್ಲಾಂದ್ರೆ ಔಷಧಿ ಮೂಗು, ಗಂಟಲಿಗೆ ಇಳಿಯುತ್ತೆ. ಸೀರಿಯಲ್ ಮಧ್ಯೆ ಜಾಹೀರಾತು ಬಂದಾಗ ಅಮ್ಮನ ಡ್ರಾಪ್ಸ್ ಟೈಮು.

ಈಗ ಪ್ರೆಷರ್ 17. ಕಣ್ಣು ಸ್ವಲ್ಪ ಕೆಂಪಾಗುತ್ತೆ. ರೆಪ್ಪೆಕೂದಲು ಉದ್ದ ಬೆಳೆಯಬಹುದು ಅಂದಿದ್ದಕ್ಕೆ ಅಮ್ಮನಿಗೇನೂ ಬೇಜಾರಿಲ್ಲ. ಒಡಹುಟ್ಟಿದವರು, ಮಕ್ಕಳೂ ತೋರಿಸ್ಕೋಬೇಕಂತೆ. ಚಿಕ್ಕಮ್ಮ ಒಪ್ಪಿದ್ದಾರೆ, ಮಂಡ್ಯದ ಸೋದರಮಾವ ಮಾತ್ರ "ನಂಗೆಲ್ಲಾ ಕಾಣುತ್ತೆ ಬಿಡು" ಅಂತಿದ್ದಾರೆ. ನನ್ನ ಟೆಸ್ಟು ಈ ಶನಿವಾರ.